ಕ್ಯಾಲೆಂಡರಿನ ತಿಥಿಯನ್ನು ಆಕಾಶದಲ್ಲಿ ಓದುವುದು ಹೇಗೆ: ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಚಂದ್ರವೀಕ್ಷಣೆ

ಯುಗಾದಿಯ ಮರುದಿನ ಸಂಜೆ ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಮನೆಮಂದಿಯೆಲ್ಲ ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿರುತ್ತದೆ. ಯಾರೋ ಒಬ್ಬರು "ಅಗೋ, ಆ ತೆಂಗಿನ ಗರಿಯ ಮೇಲೆ ನೋಡಿ" ಅನ್ನುತ್ತಾರೆ. ಕತ್ತರಿಸಿದ ಉಗುರಿನ ಚೂರಿನಷ್ಟು ತೆಳ್ಳಗೆ ಒಂದು ಗೆರೆ. ಕೈಮುಗಿದು, ಹಿರಿಯರ ಕಾಲಿಗೆರಗಿ ಒಳಗೆ ಹೋಗುತ್ತೇವೆ. ಅಲ್ಲಿಂದಾಚೆಗೆ ಆ ಚಂದ್ರ ಏನಾದ, ನಾಳೆ ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂದು ನೋಡುವವರು ಕಡಿಮೆ.

ಕನ್ನಡದಲ್ಲಿ ತಿಂಗಳು ಎಂದರೆ ಚಂದ್ರನೂ ಹೌದು, ಮೂವತ್ತು ದಿನದ ಅವಧಿಯೂ ಹೌದು. 'ಬೆಳದಿಂಗಳು' ಎಂಬ ಮಾತಿನಲ್ಲಿ ಇವತ್ತಿಗೂ ಇರುವುದು ಆ ಚಂದ್ರನೇ. ನಮ್ಮ ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಚಂದ್ರ ಆಕಾಶದಲ್ಲಿ ಎಲ್ಲಿದ್ದಾನೆ ಎಂಬ ಲೆಕ್ಕ ಅಚ್ಚಾಗಿರುತ್ತದೆ. ಅದರ ಹೆಸರೇ ತಿಥಿ. ಒಂದೇ ಒಂದು ತಿಂಗಳು ಕ್ಯಾಲೆಂಡರನ್ನೂ ಆಕಾಶವನ್ನೂ ಜೊತೆಗಿಟ್ಟು ನೋಡಿದರೆ ಆಮೇಲೆ ಬದುಕಿರುವಷ್ಟು ಕಾಲ ತಲೆಯೆತ್ತಿದರೆ ತಿಥಿ ತಿಳಿಯುತ್ತದೆ. ಅದನ್ನು ಮಾಡುವ ಬಗೆ ಇಲ್ಲಿದೆ.

ಶುರು ಮಾಡುವ ಮೊದಲು

ಬೇಕಾಗುವುದು ತಿಥಿ ಇರುವ ಕ್ಯಾಲೆಂಡರ್, ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲ್, ಒಂದು ಮೂಸಂಬಿ, ಒಂದು ನಿಂಬೆಹಣ್ಣು, ಒಂದು ಗೋಲಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏನೂ ಕೊರತೆಯಿಲ್ಲ. ಪಶ್ಚಿಮ ಮತ್ತು ಪೂರ್ವ ಎರಡೂ ತೆರೆದು ಕಾಣುವ ತಾರಸಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಕಾರ್ತಿಕದಿಂದ ಚೈತ್ರದವರೆಗಿನ ಯಾವುದಾದರೂ ಮಾಸ ಆರಿಸಿಕೊಳ್ಳಿ. ನಾನು ಮೊದಲ ಸಲ ಆಷಾಢದಲ್ಲಿ ಶುರು ಮಾಡಿದ್ದೆ. ನೋಟ್‌ಬುಕ್ಕಿನಲ್ಲಿ ಚಿತ್ರಕ್ಕಿಂತ 'ಮೋಡ' ಎಂದು ಬರೆದ ಪುಟಗಳೇ ಹೆಚ್ಚಾದವು, ಕೊಂಡಿ ಕಳಚಿಹೋಯಿತು. ಮಾಗಿಯ ಆಕಾಶದಲ್ಲಿ ಮತ್ತೆ ಹಿಡಿದಾಗಲೇ ಪೂರ್ತಿಯಾದದ್ದು.

ಪ್ರತಿದಿನ ಬರೆದಿಡಬೇಕಾದ್ದು ನಾಲ್ಕು ಸಂಗತಿ: ತಾರೀಖು ಮತ್ತು ಗಂಟೆ, ಕ್ಯಾಲೆಂಡರಿನ ತಿಥಿ, ಚಂದ್ರ ಇದ್ದ ದಿಕ್ಕು, ಅವನ ಆಕಾರ. ಚಿತ್ರ ಬಿಡಿಸುವಾಗ ಬೆಳಕಿನ ಭಾಗ ಯಾವ ಕಡೆ ವಾಲಿದೆ ಎಂಬುದನ್ನು ತಪ್ಪದೆ ತೋರಿಸಿ. ಪುಸ್ತಕದಲ್ಲಿ ನೋಡಿದ ಆಕಾರವನ್ನು ಕೈ ತಾನಾಗಿ ಬಿಡಿಸಿಬಿಡುತ್ತದೆ. ಯುರೋಪಿನಲ್ಲಿ ಅಚ್ಚಾದ ಚಿತ್ರಗಳಲ್ಲಿ ಎಳೆಯ ಚಂದ್ರ ಕಂಸದ ಚಿಹ್ನೆಯ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮೂರಲ್ಲಿ ಅವನು ಮಲಗಿರುತ್ತಾನೆ, ಯುಗಾದಿಯ ಹೊತ್ತಿಗಂತೂ ದೋಣಿಯೇ ಸರಿ. ಕಂಡದ್ದನ್ನು ಕಂಡ ಹಾಗೇ ಬಿಡಿಸಿ.

ಕೈಯೇ ಅಳತೆಗೋಲು

ತೋಳು ಪೂರ್ತಿ ಚಾಚಿ ಮುಷ್ಟಿ ಕಟ್ಟಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಕ್ಕಳ ಕೈ ಚಿಕ್ಕದು, ತೋಳೂ ಗಿಡ್ಡ. ಹಾಗಾಗಿ ಲೆಕ್ಕ ಅವರಿಗೂ ಹೆಚ್ಚುಕಡಿಮೆ ಅದೇ ಬರುತ್ತದೆ.

ಚಂದ್ರ ಅರ್ಧ ಡಿಗ್ರಿ ಅಗಲ. ನಿಮ್ಮ ಕಿರುಬೆರಳು ಅವನನ್ನು ಪೂರ್ತಿ ಮುಚ್ಚಿ ಇನ್ನೂ ಅಷ್ಟೇ ಜಾಗ ಉಳಿಯುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ, ಹುಣ್ಣಿಮೆಯ ದಿನ ನಿಲ್ಲಿಸಿ ತೋರಿಸಬೇಕು.

ತಿಥಿ ಎಂದರೆ ಕೋನ

ಭೂಮಿಯಿಂದ ನೋಡುವಾಗ ಸೂರ್ಯನಿಗೂ ಚಂದ್ರನಿಗೂ ನಡುವೆ ಇರುವ ಕೋನ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ ಮುಗಿಯಿತು. ಸುತ್ತ 360 ಡಿಗ್ರಿ, ಹಾಗಾಗಿ 30 ತಿಥಿ. ಅಮಾವಾಸ್ಯೆ ಮುಗಿಯುವ ಗಳಿಗೆಯಲ್ಲಿ ಕೋನ ಸೊನ್ನೆ, ಹುಣ್ಣಿಮೆ ಮುಗಿಯುವ ಗಳಿಗೆಯಲ್ಲಿ 180. ಕ್ಯಾಲೆಂಡರಿನಲ್ಲಿ ತಿಥಿಯ ಮುಂದೆ ಗಂಟೆ ನಿಮಿಷ ಬರೆದಿರುತ್ತಾರಲ್ಲ, ಅದು ಆ ತಿಥಿ ಮುಗಿಯುವ ಹೊತ್ತು. ಇದನ್ನು ತಿಳಿದುಕೊಂಡರೆ ಬಹಳ ಉಪಯೋಗವಿದೆ. ಹುಣ್ಣಿಮೆ ಬೆಳಗಿನ ಜಾವ ಮುಗಿಯುತ್ತದೆ ಎಂದಿದ್ದರೆ ಪೂರ್ಣ ಚಂದ್ರ ಕಾಣುವುದು ಹಿಂದಿನ ರಾತ್ರಿಯೇ.

ಚಂದ್ರನ ದಾರಿ ಸರಿಯಾದ ವೃತ್ತವಲ್ಲ. ಭೂಮಿಗೆ ಹತ್ತಿರ ಬಂದಾಗ ಸುಮಾರು 3,63,000 ಕಿಲೋಮೀಟರ್, ದೂರ ಹೋದಾಗ ಸುಮಾರು 4,05,000. ಹತ್ತಿರವಿದ್ದಾಗ ಬೇಗ ಸಾಗುತ್ತಾನೆ, ದೂರದಲ್ಲಿ ನಿಧಾನ. ಅದಕ್ಕೇ ಒಂದು ತಿಥಿ ಕೆಲವು ಸಲ 20 ಗಂಟೆಯಲ್ಲೇ ಮುಗಿಯುತ್ತದೆ, ಕೆಲವು ಸಲ 26 ಗಂಟೆ ದಾಟುತ್ತದೆ. ಸೂರ್ಯೋದಯಕ್ಕೆ ಇರುವ ತಿಥಿಯೇ ದಿನದ ತಿಥಿಯಾದ್ದರಿಂದ ಒಂದೊಂದು ಸಲ ತಿಥಿ ಲೋಪವಾಗುತ್ತದೆ, ಒಂದೊಂದು ಸಲ ಎರಡು ದಿನ ಬರುತ್ತದೆ. 'ಈ ಸಲ ಏಕಾದಶಿ ಎರಡು ದಿನ ಏಕೆ' ಎಂಬ ಮನೆಮಾತಿನ ಉತ್ತರ ಇರುವುದು ಚಂದ್ರನ ವೇಗದಲ್ಲಿ.

ಅಳೆಯುವ ಬಗೆ ಹೀಗೆ. ಸೂರ್ಯ ಮುಳುಗಿದ ಮೇಲೆ, ಅವನು ಮುಳುಗಿದ ಜಾಗದಿಂದ ಚಂದ್ರನವರೆಗೆ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಎಣಿಸಿ. ಐದು ತಿಥಿಗೆ ಆರು ಮುಷ್ಟಿ ಎಂದು ನೆನಪಿಟ್ಟುಕೊಂಡರೆ ಸಾಕು. ನಾಲ್ಕು ಮುಷ್ಟಿ ಬಂತೆಂದರೆ 40 ಡಿಗ್ರಿ, ಹನ್ನೆರಡರಿಂದ ಭಾಗಿಸಿದರೆ ಮೂರು ತಿಥಿ ಮುಗಿದು ನಾಲ್ಕನೆಯದು ನಡೆಯುತ್ತಿದೆ, ಚೌತಿ. ಕೈ ಅಳತೆಯಲ್ಲಿ ಒಂದು ತಿಥಿ ಆಚೀಚೆ ಆಗುತ್ತದೆ, ನಾಲ್ಕೈದು ದಿನದಲ್ಲಿ ಕೈ ಪಳಗುತ್ತದೆ. ಸೂರ್ಯ ಮುಳುಗುವ ಮೊದಲೇ ಅಳೆಯಲು ಹೋಗಬೇಡಿ. ಅದಕ್ಕಿಂತ ಮುಖ್ಯ, ಸೂರ್ಯ ಇರುವಾಗ ಆ ಕಡೆಗೆ ಬೈನಾಕ್ಯುಲರ್ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ.

ಅಮಾವಾಸ್ಯೆಯ ರಾತ್ರಿ: ಮನೆಯೊಳಗೆ ಮೂಸಂಬಿ ಚಂದ್ರ

ಹೊರಗೆ ನೋಡಲು ಚಂದ್ರನಿಲ್ಲದ ರಾತ್ರಿ ಮನೆಯೊಳಗೆ ಈ ಕೆಲಸ ಮಾಡಿ. ತಲೆಯ ಎತ್ತರಕ್ಕೆ ಒಂದೇ ಬಲ್ಬು ಉರಿಯಲಿ, ಮಿಕ್ಕ ದೀಪಗಳನ್ನೆಲ್ಲ ಆರಿಸಿ. ಮೂಸಂಬಿಗೆ ಪೆನ್ಸಿಲ್ ಚುಚ್ಚಿ, ತೋಳು ಚಾಚಿ ಹಿಡಿಯಿರಿ. ಬಲ್ಬು ಸೂರ್ಯ, ನಿಮ್ಮ ತಲೆ ಭೂಮಿ.

ಬಲ್ಬಿಗೆ ಮುಖ ಮಾಡಿ ಹಣ್ಣನ್ನು ಅದರ ನೇರಕ್ಕೆ, ಸ್ವಲ್ಪ ಮೇಲಕ್ಕೆ ಹಿಡಿದರೆ ನಿಮ್ಮ ಕಡೆಗಿರುವುದು ಕತ್ತಲ ಮುಖ. ಇದು ಅಮಾವಾಸ್ಯೆ. ಈಗ ಕೈ ಮಡಿಸದೆ, ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಿ. ಹಣ್ಣಿನ ಬಲ ಅಂಚಿನಲ್ಲಿ ತೆಳು ಬೆಳಕು ಮೂಡುತ್ತದೆ. ಅದೇ ಬಿದಿಗೆ. ಕಾಲು ಸುತ್ತು ತಿರುಗಿದಾಗ ಅರ್ಧ ಹಣ್ಣು ಬೆಳಗಿರುತ್ತದೆ, ಇದು ಅಷ್ಟಮಿ. ಬಲ್ಬಿಗೆ ಬೆನ್ನು ಹಾಕಿ, ತಲೆಯ ನೆರಳು ತಾಗದಂತೆ ಹಣ್ಣನ್ನು ಮೇಲೆತ್ತಿದರೆ ಪೂರ್ತಿ ಬೆಳಗುತ್ತದೆ, ಹುಣ್ಣಿಮೆ. ಅಲ್ಲೇ ಸ್ವಲ್ಪ ಕೆಳಗಿಳಿಸಿದರೆ ತಲೆಯ ನೆರಳು ಹಣ್ಣನ್ನು ನುಂಗುತ್ತದೆ, ಅದು ಗ್ರಹಣ. ಮುಂದೆ ತಿರುಗುತ್ತಾ ಹೋದರೆ ಬೆಳಕು ಎಡ ಅಂಚಿಗೆ ಸರಿಯುತ್ತಾ ಕರಗುತ್ತದೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಣ್ಣಿನ ಅರ್ಧ ಭಾಗ ಯಾವಾಗಲೂ ಬೆಳಗಿಯೇ ಇತ್ತು. ಬದಲಾದದ್ದು ಆ ಅರ್ಧದಲ್ಲಿ ನಿಮಗೆ ಕಂಡ ಪಾಲು ಮಾತ್ರ. ಚಂದ್ರ ಕರಗುವುದು ಭೂಮಿಯ ನೆರಳಿನಿಂದ ಎಂದು ಓದು ಕಲಿತವರೂ ಹೇಳುತ್ತಾರೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ, ಅದೂ ಹುಣ್ಣಿಮೆಯಂದು ಮಾತ್ರ.

ಇನ್ನೊಂದು ಸಂಗತಿಯನ್ನೂ ಇಲ್ಲೇ ನೋಡಿಬಿಡಿ. ಹಣ್ಣಿನ ಮೇಲೆ ನಿಮ್ಮ ಕಡೆಗೆ ಒಂದು ಕುಂಕುಮದ ಬೊಟ್ಟಿಟ್ಟು ಮತ್ತೆ ಸುತ್ತಿ. ಬೊಟ್ಟು ಸದಾ ನಿಮ್ಮನ್ನೇ ನೋಡುತ್ತದೆ. ಗೋಡೆಯ ಹತ್ತಿರ ನಿಂತವರನ್ನು ಕೇಳಿದರೆ, ಹಣ್ಣು ತಮಗೆ ಎಲ್ಲ ಮಗ್ಗುಲನ್ನೂ ತೋರಿಸಿತು ಎನ್ನುತ್ತಾರೆ. ಚಂದ್ರನೂ ಹೀಗೇ, 27.32 ದಿನಕ್ಕೆ ಭೂಮಿಯ ಸುತ್ತ ಒಂದು ಸುತ್ತು, ಅಷ್ಟೇ ಹೊತ್ತಿಗೆ ತನ್ನ ಸುತ್ತ ಒಂದು ಸುತ್ತು. ನಮಗೆ ಕಾಣದ ಆ ಇನ್ನೊಂದು ಮಗ್ಗುಲು ಕತ್ತಲಿನದಲ್ಲ, ಅಮಾವಾಸ್ಯೆಯ ದಿನ ಅಲ್ಲಿ ಪೂರ್ತಿ ಬಿಸಿಲು. 1959ರ ಅಕ್ಟೋಬರಿನಲ್ಲಿ ಸೋವಿಯತ್ ನೌಕೆ ಲೂನಾ 3 ಅದರ ಚಿತ್ರ ತೆಗೆಯುವವರೆಗೆ ಮನುಷ್ಯರು ಯಾರೂ ಅದನ್ನು ಕಂಡಿರಲಿಲ್ಲ. ಚೀನಾದ ಛಾಂಗ್ಅ 4 ನೌಕೆ 2019ರ ಜನವರಿಯಲ್ಲಿ ಅಲ್ಲಿ ಇಳಿಯಿತು.

ಪ್ರತಿ ಹುಣ್ಣಿಮೆಗೂ ಗ್ರಹಣ ಏಕಿಲ್ಲ

ಈಗ ಗೋಲಿ ತನ್ನಿ. ಏಳೂವರೆ ಸೆಂಟಿಮೀಟರಿನ ಮೂಸಂಬಿ ಭೂಮಿಯಾದರೆ ಎರಡು ಸೆಂಟಿಮೀಟರಿನ ಗೋಲಿ ಚಂದ್ರ. ಇವೆರಡರ ನಡುವೆ ಎಷ್ಟು ದೂರ ಇಡಬೇಕು ಎಂದು ಮನೆಯವರನ್ನು ಕೇಳಿ ನೋಡಿ. ಹೆಚ್ಚಿನವರು ಒಂದು ಮೊಳದೊಳಗೇ ಇಡುತ್ತಾರೆ. ನಿಜವಾದ ದೂರ ಸರಾಸರಿ 3,84,400 ಕಿಲೋಮೀಟರ್, ಅಂದರೆ ಭೂಮಿಯ ವ್ಯಾಸದ ಮೂವತ್ತರಷ್ಟು. ಆದ್ದರಿಂದ ಗೋಲಿಯನ್ನು ಏಳೂವರೆ ಅಡಿ ಆಚೆ ಇಡಬೇಕು. ಪಠ್ಯಪುಸ್ತಕದ ಪುಟದಲ್ಲಿ ಇದನ್ನು ಅಳತೆಗೆ ಸರಿಯಾಗಿ ಬಿಡಿಸಲು ಜಾಗವೇ ಸಾಲುವುದಿಲ್ಲ, ತಪ್ಪು ಕಲ್ಪನೆ ಹುಟ್ಟುವುದೇ ಅಲ್ಲಿ.

ಚಂದ್ರನ ದಾರಿ ಭೂಮಿಯ ದಾರಿಗೆ 5 ಡಿಗ್ರಿ ಓರೆ. ಏಳೂವರೆ ಅಡಿ ದೂರದಲ್ಲಿ ಆ ಓರೆ ಎಂದರೆ ಹೆಚ್ಚುಕಡಿಮೆ ಒಂದು ಗೇಣು. ಮೂಸಂಬಿಯ ದಟ್ಟ ನೆರಳು ಅಲ್ಲಿಗೆ ಮುಟ್ಟುವಾಗ ಐದಾರು ಸೆಂಟಿಮೀಟರಿಗೆ ಕಿರಿದಾಗಿರುತ್ತದೆ. ಗೋಲಿ ಬಹುತೇಕ ಸಲ ಅದರ ಮೇಲೋ ಕೆಳಗೋ ಹಾದುಹೋಗುತ್ತದೆ. ದಾರಿಗಳು ಸಂಧಿಸುವ ಜಾಗದ ಬಳಿಯೇ ಹುಣ್ಣಿಮೆ ಆದಾಗ ಮಾತ್ರ ನೆರಳೊಳಗೆ ಬೀಳುತ್ತದೆ. ಆ ಎರಡು ಜಾಗಗಳೇ ರಾಹು ಮತ್ತು ಕೇತು. 2025ರ ಸೆಪ್ಟೆಂಬರ್ 7ರ ಭಾದ್ರಪದ ಹುಣ್ಣಿಮೆಯಂದು ಹೀಗಾಯಿತು. ರಾತ್ರಿ 11ರಿಂದ 82 ನಿಮಿಷ ಚಂದ್ರ ಪೂರ್ತಿ ನೆರಳಿನಲ್ಲಿ ಮುಳುಗಿದ್ದ.

ಬಿದಿಗೆಯಿಂದ ಚೌತಿಯವರೆಗೆ

ಈಗ ತಾರಸಿಗೆ ಬನ್ನಿ. ಸೂರ್ಯ ಮುಳುಗಿ 25-30 ನಿಮಿಷಕ್ಕೆ ಪಶ್ಚಿಮದಲ್ಲಿ ಹುಡುಕಿ. ಬಿದಿಗೆ ಚಂದ್ರ ಒಂದೂವರೆ ಗಂಟೆಯೊಳಗೆ ಮುಳುಗಿಬಿಡುತ್ತಾನೆ, ತಡ ಮಾಡಿದರೆ ಸಿಗುವುದಿಲ್ಲ. ರಂಜಾನಿಗೆ ಕಾಯುವವರು ಹುಡುಕುವುದೂ ಇದೇ ಎಳೆಯನ್ನೇ.

ತದಿಗೆಯ ಸಂಜೆ ಬೇರೆ ಕೆಲಸ ಬಿಟ್ಟು ಹತ್ತು ನಿಮಿಷ ಅವನನ್ನೇ ನೋಡಿ. ಹೊಳೆಯುವ ಗೆರೆಯ ಒಳಗೆ, ಕತ್ತಲಾಗಿರಬೇಕಾದ ಉಳಿದ ಭಾಗವೂ ಬೂದಿ ಬಣ್ಣದಲ್ಲಿ ತುಂಬಿಕೊಂಡಿರುತ್ತದೆ. ಬೈನಾಕ್ಯುಲರಿನಲ್ಲಿ ನೋಡಿದರೆ ಅದರಲ್ಲಿ ಕಲೆಗಳೂ ಕಾಣುತ್ತವೆ. ಅಷ್ಟು ಹೊತ್ತಿಗೆ ಚಂದ್ರನ ಮೇಲೆ ನಿಂತವರಿಗೆ ನಮ್ಮ ಭೂಮಿ ಹೆಚ್ಚುಕಡಿಮೆ ಪೂರ್ಣವಾಗಿ ಬೆಳಗುತ್ತಿರುತ್ತದೆ. ನಮ್ಮ ಮೋಡ, ಕಡಲುಗಳಿಂದ ಚಿಮ್ಮಿದ ಬಿಸಿಲು ಅಲ್ಲಿಯ ರಾತ್ರಿಯ ಮೇಲೆ ಬಿದ್ದು ಮತ್ತೆ ನಮ್ಮ ಕಣ್ಣಿಗೆ ಬರುತ್ತಿದೆ. ಭೂಮಿಯ ಬೆಳದಿಂಗಳು ಅದು. ಇಡೀ ತಿಂಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ನೋಟ ಇದೇ, ಹುಣ್ಣಿಮೆಯಲ್ಲ. ಇದಕ್ಕೆ ಸರಿಯಾದ ಕಾರಣ ಕೊಟ್ಟವರಲ್ಲಿ ಲಿಯೊನಾರ್ಡೊ ಡ ವಿಂಚಿ ಮೊದಲಿಗರ ಸಾಲಿನವನು.

ಗಣೇಶನ ಹಬ್ಬದಂದು ಚಂದ್ರನನ್ನು ನೋಡದ ಮನೆಗಳವರು ಆ ಒಂದು ಪುಟ ಖಾಲಿ ಬಿಡಬಹುದು, ಲೆಕ್ಕಕ್ಕೆ ಧಕ್ಕೆಯಿಲ್ಲ.

ಅಷ್ಟಮಿಯ ಮಧ್ಯಾಹ್ನ, ಕೈಯಲ್ಲಿ ನಿಂಬೆಹಣ್ಣು

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಬಿಡುವಿದ್ದರೆ ಇದನ್ನು ಮಾಡಿ. ಶುದ್ಧ ಅಷ್ಟಮಿಯ ಆಸುಪಾಸಿನ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಬಿಸಿಲಲ್ಲಿ ನಿಲ್ಲಿ. ಪೂರ್ವದ ಕಡೆ ಆಕಾಶದ ನಡುಮಧ್ಯದಲ್ಲಿ ಹತ್ತಿಯ ಚೂರಿನಂತೆ ಅರ್ಧ ಚಂದ್ರ ಇರುತ್ತಾನೆ. ನಿಂಬೆಹಣ್ಣನ್ನು ತೋಳು ಚಾಚಿ ಚಂದ್ರನ ಪಕ್ಕಕ್ಕೇ ಬರುವಂತೆ ಹಿಡಿಯಿರಿ. ಹಣ್ಣಿನ ಮೇಲೆ ಬಿಸಿಲು ಬಿದ್ದಿರಬೇಕು.

ಹಣ್ಣಿನಲ್ಲಿ ಬೆಳಗಿದ ಭಾಗವೂ ಚಂದ್ರನಲ್ಲಿ ಬೆಳಗಿದ ಭಾಗವೂ ಒಂದೇ ಆಕಾರ, ಒಂದೇ ವಾಲು. ಒಂದು ನಿಮ್ಮ ಬೆರಳ ತುದಿಯಲ್ಲಿದೆ, ಇನ್ನೊಂದು ಮೂರು ಮುಕ್ಕಾಲು ಲಕ್ಷ ಕಿಲೋಮೀಟರಿಗೂ ಆಚೆ. ಬೆಳಗುತ್ತಿರುವ ಸೂರ್ಯ ಒಬ್ಬನೇ. ಎಂಟು ವರ್ಷದ ಮಗುವಿಗೆ ಇದನ್ನು ತೋರಿಸಿದಾಗ ಅದು ಹಣ್ಣನ್ನೂ ಚಂದ್ರನನ್ನೂ ಮಾತಿಲ್ಲದೆ ಹತ್ತಾರು ಸಲ ನೋಡಿತು. ಬಾಯಲ್ಲಿ ವಿವರಿಸುವ ಅಗತ್ಯ ಬೀಳಲಿಲ್ಲ. ಸೂರ್ಯ, ಚಂದ್ರ ಇಬ್ಬರೂ ಆಕಾಶದಲ್ಲಿ ಒಟ್ಟಿಗೇ ಕಾಣುತ್ತಿರುವಾಗ ಭೂಮಿ ನಡುವೆ ಬಂದು ನೆರಳು ಹಾಕುವುದು ಹೇಗೆ ಸಾಧ್ಯ ಎಂದು ಮಗುವೇ ಕೇಳುತ್ತದೆ.

ಅದೇ ದಿನ ರಾತ್ರಿ ಹತ್ತೂವರೆಗೆ ಮತ್ತೆ ನೋಡಿ. ಮಧ್ಯಾಹ್ನ ಕವುಚಿಟ್ಟ ಬಟ್ಟಲಿನಂತೆ ಬೆಳಕು ಮೇಲಿದ್ದ ಚಂದ್ರ ಈಗ ಪಶ್ಚಿಮದಲ್ಲಿ ಬಟ್ಟಲನ್ನು ನೆಟ್ಟಗಿಟ್ಟಂತೆ ಇರುತ್ತಾನೆ. ಬೆಳಕು ಯಾವಾಗಲೂ ಸೂರ್ಯನಿರುವ ಕಡೆಗೇ.

ಬೈನಾಕ್ಯುಲರ್ ಇದ್ದವರಿಗೆ ಈ ರಾತ್ರಿಯೇ ಹಬ್ಬ. ಬೆಳಕೂ ಕತ್ತಲೂ ಸೇರುವ ಗೆರೆಯ ಉದ್ದಕ್ಕೂ ನೋಡಿ. ಅಲ್ಲಿ ಈಗಷ್ಟೇ ಸೂರ್ಯೋದಯ, ಹಾಗಾಗಿ ಗುಡ್ಡ, ಕುಳಿಗಳ ನೆರಳು ಉದ್ದಕ್ಕೆ ಚಾಚಿ ಎದ್ದು ಕಾಣುತ್ತವೆ. ನವಮಿ, ದಶಮಿಗೆ ಕೋಪರ್ನಿಕಸ್ ಎಂಬ 93 ಕಿಲೋಮೀಟರ್ ಅಗಲದ ಕುಳಿ ಬೆಳಕಿಗೆ ಬರುತ್ತದೆ.

ಚಂದ್ರಯಾನ 3 ನೆನಪಿರಬೇಕು. 2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿದದ್ದು ಶ್ರಾವಣ ಶುದ್ಧ ಸಪ್ತಮಿ, ನಾಗರ ಪಂಚಮಿ ಕಳೆದು ಎರಡು ದಿನಕ್ಕೆ. ಆ ಹೊತ್ತಿಗೆ ಬೆಂಗಳೂರಿನ ದಕ್ಷಿಣ ಆಕಾಶದಲ್ಲಿ ಅರ್ಧಕ್ಕೆ ಬಂದ ಚಂದ್ರನಿದ್ದ. ಆ ದಿನವನ್ನು ಆರಿಸಿದ್ದು ಬೆಳಕಿನ ಲೆಕ್ಕದಿಂದ. ಇಳಿಯುವ ಜಾಗದಲ್ಲಿ ಆಗ ಬೆಳಗಿನ ಹೊತ್ತು, ಮುಂದೆ ನಮ್ಮ ಹದಿನಾಲ್ಕು ದಿನದಷ್ಟು ಹಗಲು. ಸೌರಫಲಕದ ನೌಕೆಗೆ ಬದುಕಲು ಅಷ್ಟೇ ಅವಧಿ. ಹುಣ್ಣಿಮೆ ಕಳೆದು ಆ ಜಾಗಕ್ಕೆ ಸಂಜೆ ಕವಿಯತೊಡಗಿದಾಗ, ಸೆಪ್ಟೆಂಬರ್ 4ರಂದು, ಅದನ್ನು ಮಲಗಿಸಿದರು. ಬೆಳಕಿನ ಗೆರೆ ಚಂದ್ರನ ಮೇಲೆ ಸರಿಯುವುದನ್ನು ನೀವು ತಾರಸಿಯಿಂದ ನೋಡುತ್ತಿರುವಾಗ ನೋಡುತ್ತಿರುವುದು ಅಲ್ಲಿಯ ಹಗಲು ರಾತ್ರಿಗಳನ್ನೇ.

ಹುಣ್ಣಿಮೆ

ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಎದುರು ದಿಕ್ಕಿನಲ್ಲಿ ನೋಡಿ. ಹುಟ್ಟುವ ಚಂದ್ರ ದೊಡ್ಡ ತಟ್ಟೆಯಂತೆ ಕಾಣುತ್ತಾನೆ. ಕಾಗದವನ್ನು ಸುರುಳಿ ಸುತ್ತಿ, ಅವನು ಮಾತ್ರ ಹಿಡಿಸುವಂತೆ ಬಿಗಿ ಮಾಡಿ ಅಂಟಿಸಿಡಿ. ನಡುರಾತ್ರಿ ಅದೇ ಸುರುಳಿಯಲ್ಲಿ ನೋಡಿ. ಅಳತೆ ಬದಲಾಗಿರುವುದಿಲ್ಲ, ದೊಡ್ಡದು ಮಾಡಿದ್ದು ನಮ್ಮ ಮನಸ್ಸು.

ಬೈನಾಕ್ಯುಲರಿಗೆ ಇದು ಒಳ್ಳೆಯ ರಾತ್ರಿಯಲ್ಲ. ನೆತ್ತಿಯ ಬಿಸಿಲಲ್ಲಿ ನೆರಳಿಲ್ಲದೆ ಎಲ್ಲ ಚಪ್ಪಟೆ. ಆದರೆ ದಕ್ಷಿಣದ ಟೈಕೋ ಕುಳಿಯಿಂದ ಹರಡಿದ ಬಿಳಿ ಗೆರೆಗಳು ಇವತ್ತೇ ಚೆನ್ನಾಗಿ ಕಾಣುತ್ತವೆ. ಕಪ್ಪು ಕಲೆಗಳೆಲ್ಲ ಹಿಂದೆ ಹರಿದು ಗಟ್ಟಿಯಾದ ಲಾವಾ ಬಯಲುಗಳು, ನಮ್ಮ ಹಿರಿಯರು ಅದರಲ್ಲಿ ಮೊಲ ಕಂಡು ಶಶಾಂಕ ಎಂದರು. ಆ ಮೊಲದ ತಲೆ ಎಂದು ನಾನು ಗುರುತಿಟ್ಟುಕೊಂಡಿರುವ ಕಲೆಯಲ್ಲೇ 1969ರ ಜುಲೈ 20ರಂದು ಅಪೊಲೊ 11 ಇಳಿದದ್ದು.

ಯಾವ ನಕ್ಷತ್ರದ ಬಳಿ ಹುಣ್ಣಿಮೆಯಾಗುತ್ತದೋ ಆ ನಕ್ಷತ್ರದಿಂದ ಮಾಸಕ್ಕೆ ಹೆಸರು: ಚಿತ್ರಾದಿಂದ ಚೈತ್ರ, ಕೃತ್ತಿಕೆಯಿಂದ ಕಾರ್ತಿಕ. ಕಾರ್ತಿಕ ಹುಣ್ಣಿಮೆಯಂದು ಚಂದ್ರನ ಸುತ್ತ ಒಂದು ಮುಷ್ಟಿಯೊಳಗೆ ಹುಡುಕಿ, ಕೃತ್ತಿಕೆಯ ಗೊಂಚಲು ಆ ಬೆಳಕಿನಲ್ಲೂ ಮಸುಕಾಗಿ ಸಿಗಬಹುದು. ಕರಾವಳಿಯವರಾದರೆ ಈ ದಿನ ಕಡಲಿಗೆ ಹೋಗಿ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ಉಬ್ಬರ ಹೆಚ್ಚಿರುತ್ತದೆ.

ಬಹುಳ ಪಕ್ಷ: ನಿದ್ದೆಗೆಡುವ ಹದಿನೈದು ದಿನ

ಇಲ್ಲಿಂದ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಕಾರಣ ಸರಳ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಅವನು ಸುಮಾರು 13 ಡಿಗ್ರಿ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಸಂಕಷ್ಟಿಯ ಉಪವಾಸದವರು ರಾತ್ರಿ ಎಂಟೂವರೆ, ಒಂಬತ್ತೂವರೆಯವರೆಗೆ ಕಾಯುವುದು ಇದಕ್ಕೇ. ಕ್ಯಾಲೆಂಡರಿನ ಚಂದ್ರೋದಯ ಬೆಂಗಳೂರಿನದಾದರೆ ಮಂಗಳೂರಿನವರು ಸುಮಾರು ಹತ್ತು ನಿಮಿಷ ಹೆಚ್ಚು ಕಾಯಬೇಕು. ವಿದೇಶದಲ್ಲಿ ಊರಿನ ಕ್ಯಾಲೆಂಡರ್ ತೂಗುಹಾಕಿಕೊಂಡವರು ತಿಥಿ ಮುಗಿಯುವ ಹೊತ್ತನ್ನು ತಮ್ಮ ಗಡಿಯಾರಕ್ಕೆ ಬದಲಿಸಿಕೊಂಡರೆ ಸಾಕು, ಆ ಗಳಿಗೆ ಲೋಕಕ್ಕೆಲ್ಲ ಒಂದೇ. ಚಂದ್ರೋದಯ ಮಾತ್ರ ಅವರವರ ಊರಿನದೇ ಬೇಕು. ಮೆಲ್ಬರ್ನಿನಲ್ಲಿ ಇರುವವರಿಗೆ ಇನ್ನೊಂದು ಸೂಚನೆ: ಶುಕ್ಲ ಪಕ್ಷದಲ್ಲಿ ಅಲ್ಲಿ ಬೆಳಗುವುದು ಚಂದ್ರನ ಎಡಭಾಗ.

ಬಹುಳ ಅಷ್ಟಮಿಯ ಚಂದ್ರ ಹುಟ್ಟುವುದು ನಡುರಾತ್ರಿಗೆ. ಗೋಕುಲಾಷ್ಟಮಿಯ ರಾತ್ರಿ ಎಚ್ಚರವಿದ್ದು ಚಂದ್ರನಿಗೆ ಅರ್ಘ್ಯ ಬಿಡುವವರು ಇದನ್ನು ಪ್ರತಿವರ್ಷ ಕಂಡಿರುತ್ತಾರೆ. ರಾತ್ರಿ ಏಳಲಾಗದವರು ಬೆಳಗ್ಗೆ ಎಂಟಕ್ಕೆ ಪಶ್ಚಿಮದ ಕಡೆ ನೋಡಿ. ಮಕ್ಕಳು ಶಾಲೆಗೆ ಹೊರಟ ಹೊತ್ತಿಗೂ ಅರ್ಧ ಚಂದ್ರ ಅಲ್ಲೇ ಇರುತ್ತಾನೆ. ನಿಂಬೆಹಣ್ಣಿನ ಪ್ರಯೋಗವನ್ನು ಇಲ್ಲೂ ಮಾಡಬಹುದು.

ದ್ವಾದಶಿಯಿಂದ ಮುಂದೆ ಮುಂಜಾವಿನಲ್ಲಿ ಪೂರ್ವಕ್ಕೆ ನಿಲ್ಲಿ. ಸೂರ್ಯ ಹುಟ್ಟುವ ಜಾಗದಿಂದ ಚಂದ್ರನವರೆಗೆ ಮುಷ್ಟಿ ಎಣಿಸಿ, ಬಂದದ್ದು ಅಮಾವಾಸ್ಯೆ ಮುಗಿಯಲು ಉಳಿದಿರುವ ದೂರ. ಚತುರ್ದಶಿಯ ಬೆಳಗ್ಗೆ ಐದೂವರೆಗೆ ಕೊನೆಯ ಎಳೆ ಕಂಡರೆ ಅದು ನಿಮ್ಮ ನೋಟ್‌ಬುಕ್ಕಿನ ಅತ್ಯಂತ ಬೆಲೆಯುಳ್ಳ ಪುಟ.

ಎರಡನೇ ತಿಂಗಳಿಗೆ ಎರಡು ಕೆಲಸ

ಮೊದಲ ತಿಂಗಳಲ್ಲಿ ಚಂದ್ರ ರೋಹಿಣಿಯಂಥ ಪ್ರಕಾಶಮಾನವಾದ ನಕ್ಷತ್ರದ ಪಕ್ಕ ಇದ್ದ ದಿನವನ್ನು ಗುರುತು ಹಾಕಿಕೊಳ್ಳಿ. 27 ದಿನ ಕಳೆದು ನೋಡಿದರೆ ಅವನು ಅದೇ ನಕ್ಷತ್ರದ ಬಳಿ ಬಂದಿರುತ್ತಾನೆ, ಆದರೆ ತಿಥಿ ಎರಡು ಹಿಂದಿರುತ್ತದೆ. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ಮುಂದೆ ಸಾಗಿರುವುದರಿಂದ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.53 ದಿನ ಬೇಕು. ನಕ್ಷತ್ರ 27, ತಿಥಿ 30 ಏಕೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಇಂಥ ಹನ್ನೆರಡು ಮಾಸ ಸೇರಿದರೂ 354 ದಿನವಷ್ಟೇ. ಉಳಿದ ಹನ್ನೊಂದು ದಿನಗಳು ಕೂಡುತ್ತಾ ಬಂದು ಮೂರು ವರ್ಷದೊಳಗೆ ಒಂದು ಅಧಿಕ ಮಾಸವಾಗುತ್ತದೆ.

ಇನ್ನೊಂದು ಕೆಲಸಕ್ಕೆ ಆರು ತಿಂಗಳ ತಾಳ್ಮೆ ಬೇಕು. ಯುಗಾದಿ ಬಿದಿಗೆಯ ಚಿತ್ರವನ್ನು ಜೋಪಾನವಾಗಿಟ್ಟು, ನವರಾತ್ರಿಯ ಬಿದಿಗೆಯ ಸಂಜೆ ಅದೇ ತಾರಸಿಯಲ್ಲಿ ನಿಂತು ಇನ್ನೊಂದು ಬಿಡಿಸಿ. ಮೊದಲನೆಯದು ಸಮತಟ್ಟಾದ ದೋಣಿ, ಸೂರ್ಯ ಮುಳುಗಿದ ಜಾಗದ ಹೆಚ್ಚುಕಡಿಮೆ ನೇರ ಮೇಲೆ. ಎರಡನೆಯದು ಬಲಕ್ಕೆ ವಾಲಿ, ಎಡಕ್ಕೆ ಸರಿದು, ಬೇಗ ಮುಳುಗುವ ಅವಸರದಲ್ಲಿರುತ್ತದೆ. ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು, ಸೂರ್ಯ ಮುಳುಗಿದ ಜಾಗದಿಂದ ಚಂದ್ರನಿಗೆ ಒಂದೊಂದು ಗೆರೆ ಎಳೆಯಿರಿ. ಸೂರ್ಯ ಚಂದ್ರರು ನಡೆಯುವ ದಾರಿ ಆರು ತಿಂಗಳಲ್ಲಿ ನಿಮ್ಮೂರಿನ ದಿಗಂತಕ್ಕೆ ಎಷ್ಟು ಓರೆಯಾಯಿತೆಂದು ಆ ಎರಡು ಗೆರೆಗಳು ತೋರಿಸುತ್ತವೆ.